ಬೋರ್ಡ್ ಹೋಗಿದೆ ಅನ್ನುವ ಮುಂಚೆ

ಮಕ್ಕಳೇ, ಐಟಿಐನೋ ಡಿಪ್ಲೊಮಾನೋ ಮುಗಿಸಿ ಶಿವಮೊಗ್ಗದ ನೆಹರೂ ರಸ್ತೆ, ದುರ್ಗಿಗುಡಿ ಕಡೆಯ ಕಂಪ್ಯೂಟರ್ ಅಂಗಡಿಗಳಿಗೆ, ಭದ್ರಾವತಿಯ ಹಳೇನಗರ, ನ್ಯೂಟೌನ್‌ನ ಸರ್ವಿಸ್ ಅಂಗಡಿಗಳಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಿ. ನಿಮ್ಮ ಕೈಚಳಕ, ಚುರುಕು ನೋಡಿದರೆ ಸಂತೋಷವಾಗುತ್ತದೆ. ಆದರೆ ಆನ್ ಆಗದ ಕಂಪ್ಯೂಟರ್ ಮುಂದೆ ಕೂತಾಗ ನಿಮ್ಮ ಬಾಯಿಗೆ ಎರಡು ಮಾತು ಬೇಗ ಬರುತ್ತವೆ. ಒಂದು, ‘ಬೋರ್ಡ್ ಹೋಗಿದೆ’. ಇನ್ನೊಂದು, ‘ಫಾರ್ಮ್ಯಾಟ್ ಹೊಡೀಬೇಕು’. ಈ ಎರಡು ಮಾತನ್ನೂ ಎಲ್ಲ ಪರೀಕ್ಷೆ ಮುಗಿದ ಮೇಲೆ ಆಡುವುದಕ್ಕೆ ಇಟ್ಟುಕೊಳ್ಳಿ. ಬಯೋಸ್‌ನಲ್ಲಿ ಯಾರೋ ಕೈಯಾಡಿಸಿದ ಮೇಲೆ ನಿಂತುಹೋದ ಯಂತ್ರಕ್ಕಂತೂ ಇವೆರಡೂ ಬಹುಪಾಲು ಸುಳ್ಳು.

ಇಂಥ ಕೇಸುಗಳು ಈಗ ಹೆಚ್ಚಾಗಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಯುಇಎಫ್‌ಐ, ಸೆಕ್ಯೂರ್ ಬೂಟ್, ಟಿಪಿಎಂ 2.0 ಬೇಕು ಅನ್ನುತ್ತದೆ. ಮನೆಯ ಹುಡುಗರು ಫೋನಿನಲ್ಲಿ ಒಂದು ವಿಡಿಯೋ ನೋಡಿ, ಬಯೋಸ್ ಒಳಗೆ ಹೋಗಿ ಒಂದೇ ಸಲಕ್ಕೆ ನಾಲ್ಕು ಕಡೆ ಬದಲಿಸಿ ಸೇವ್ ಮಾಡುತ್ತಾರೆ. ಮರುಕ್ಷಣವೇ ವಿಂಡೋಸ್ ಬರುವುದಿಲ್ಲ. ಮನೆಯವರು ಯಂತ್ರ ಹೊತ್ತುಕೊಂಡು ನಿಮ್ಮ ಅಂಗಡಿ ಮೆಟ್ಟಿಲು ಹತ್ತುತ್ತಾರೆ.

ಹಳೇನಗರದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ತಾಯಿಯೊಬ್ಬರ ಕಂಪ್ಯೂಟರ್ ಹೀಗೇ ನನ್ನ ಹತ್ತಿರ ಬಂತು. ಅದಕ್ಕೂ ಮೊದಲು ಒಂದು ಕಡೆ ತೋರಿಸಿದ್ದರು. ಫಾರ್ಮ್ಯಾಟ್ ಆಗಲೇಬೇಕು ಅಂತ ಅಲ್ಲಿಯವರು ಅಂದಿದ್ದರಂತೆ. ‘ಸರ್, ಹದಿನೈದು ವರ್ಷದ ಲಗ್ನಪತ್ರಿಕೆ ಎಲ್ಲಾ ಅದರಲ್ಲೇ ಐತೆ. ಅದೊಂದು ಉಳಿಸಿಕೊಡಿ ಸಾಕು’ ಅಂದರು. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲ ಕೂತು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಡೆಲ್ ಕೀ ಒತ್ತುತ್ತಾ ಆನ್ ಮಾಡಿದೆ. ಬಯೋಸ್ ಪುಟ ಬಂತು. ಸ್ಟೋರೇಜ್ ಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಹೆಸರೂ ಅಳತೆಯೂ ಸರಿಯಾಗಿ ಕಾಣುತ್ತಿದ್ದವು. ಅಂದರೆ ಡಿಸ್ಕ್ ಸತ್ತಿಲ್ಲ, ಬೋರ್ಡೂ ಸತ್ತಿಲ್ಲ. ಅವರ ಮಗ ಏನು ಬದಲಿಸಿದ್ದ ಅಂತ ಫೋನಿನಲ್ಲಿ ಕೇಳಿದೆ. ‘ಸಿಎಸ್‌ಎಂ ಆಫ್ ಮಾಡಿದೆ ಅಂಕಲ್’ ಅಂದ. ಸಿಎಸ್‌ಎಂ ಅಂದರೆ ಹಳೇ ಲೆಗಸಿ ಪದ್ಧತಿಯ ಬೂಟಿಗೆ ಆಸರೆಯಾಗುವ ಆಯ್ಕೆ. ಅದನ್ನು ಮತ್ತೆ ಆನ್ ಮಾಡಿ ಸೇವ್ ಮಾಡಿದ್ದಷ್ಟೇ, ವಿಂಡೋಸ್ ಬಂತು. ಆ ತಾಯಿ ಕೂತಲ್ಲೇ ಕೈಮುಗಿದರು. ಫಾರ್ಮ್ಯಾಟ್ ಹೊಡೆದಿದ್ದರೆ ಅವರ ಜೀವನೋಪಾಯವೇ ಅಳಿಸಿಹೋಗುತ್ತಿತ್ತು. ನಿಮ್ಮ ಕೈಯಲ್ಲಿರುವ ಕೆಲಸದ ತೂಕ ಎಷ್ಟು ಅಂತ ತಿಳಿಯಲಿ ಎಂದೇ ಇದನ್ನು ಹೇಳಿದೆ.

ಮೊದಲು ಒಂದು ವ್ಯತ್ಯಾಸ ಮನಸ್ಸಿಗೆ ಗಟ್ಟಿಯಾಗಿ ಇಳಿಯಬೇಕು. ಬಯೋಸ್ ಅನ್ನುವ ಪ್ರೋಗ್ರಾಂ ಬೇರೆ, ಅದರ ಸೆಟ್ಟಿಂಗ್ ಬೇರೆ. ಪ್ರೋಗ್ರಾಂ ಇರುವುದು ಬೋರ್ಡಿನ ಮೇಲಿನ ಸಣ್ಣ ಫ್ಲ್ಯಾಶ್ ಚಿಪ್ಪಿನಲ್ಲಿ. 1984ರಲ್ಲಿ ಬಂದ ಐಬಿಎಂ ಎಟಿ ಕಾಲದಿಂದ ಸೆಟ್ಟಿಂಗ್‌ಗಳನ್ನು ಸೀಮಾಸ್ ಅನ್ನುವ ಪುಟ್ಟ ಮೆಮೊರಿಯಲ್ಲಿ ಬ್ಯಾಟರಿಯ ಬಲದಿಂದ ಉಳಿಸಿಕೊಳ್ಳುವ ಪದ್ಧತಿ ಬಂತು. ಈಗಲೂ ಬೋರ್ಡಿನ ಮೇಲೆ ಕಾಣುವ ದುಂಡನೆಯ ಸಿಆರ್2032 ಸೆಲ್ ಆ ಪದ್ಧತಿಯದೇ. ಸೆಟ್ಟಿಂಗ್ ಕೆಟ್ಟರೆ ವಾಪಸ್ ತರುವುದು ಸುಲಭ. ಪ್ರೋಗ್ರಾಂ ಅಳಿಸಿಹೋದರೆ ಮಾತ್ರ ದೊಡ್ಡ ಕೆಲಸ. 1999ರ ಏಪ್ರಿಲ್ 26ರಂದು ಸಿಐಎಚ್ ಅನ್ನುವ ವೈರಸ್ ಎಷ್ಟೋ ಕಂಪ್ಯೂಟರ್‌ಗಳ ಆ ಚಿಪ್ಪಿನ ಮೇಲೇ ಕಸ ಬರೆದು, ಆನ್ ಆಗದ ಹಾಗೆ ಮಾಡಿತ್ತು. ಅದು ಪ್ರೋಗ್ರಾಂ ಕೆಟ್ಟ ಕೇಸು. ಮನೆಯ ಹುಡುಗ ಮೆನುವಿನಲ್ಲಿ ಒಂದು ಆಯ್ಕೆ ಬದಲಿಸಿದ್ದು ಸೆಟ್ಟಿಂಗ್ ಕೇಸು. ಎರಡಕ್ಕೂ ಒಂದೇ ಔಷಧಿ ಕೊಡಬೇಡಿ.

ಯಂತ್ರ ಮುಂದಿಟ್ಟ ಕೂಡಲೇ ಸ್ಕ್ರೂಡ್ರೈವರ್ ತೆಗೆಯಬೇಡಿ. ಬಟನ್ ಒತ್ತಿ ಸುಮ್ಮನೆ ನೋಡಿ. ಫ್ಯಾನೇ ತಿರುಗುತ್ತಿಲ್ಲವೆಂದರೆ ಸೆಟ್ಟಿಂಗನ್ನು ದೂರುವ ಮೊದಲು ಪ್ಲಗ್, ಎಸ್‌ಎಂಪಿಎಸ್, ಬಟನ್ನಿನ ವೈರು ನೋಡಿ. ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದಿದ್ದರೆ ಅದು ಎರಡನೇ ಬಗೆ. ಕಂಪನಿಯ ಲೋಗೋ ಬಂದು ಆಮೇಲೆ ನಿಂತರೆ ಮೂರನೇ ಬಗೆ. ಬಯೋಸ್ ಬದಲಿಸಿದ ಕೇಸುಗಳಲ್ಲಿ ಹೆಚ್ಚಿನವು ಈ ಮೂರನೆಯದೇ, ಅತಿ ಸುಲಭದ್ದೂ ಇದೇ.

ಲೋಗೋ ಬಂತೆಂದರೆ ಡೆಲ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ. ಎಚ್‌ಪಿ ಯಂತ್ರಗಳಲ್ಲಿ ಎಫ್10 ಇರುತ್ತದೆ. ಡಿಸ್ಕ್ ಕಾಣುತ್ತಿದೆಯೇ ನೋಡಿ. ಕಾಣುತ್ತಿದ್ದರೆ ಮೂರು ಕಡೆ ಕಣ್ಣು ಹಾಯಿಸಿ. ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಇರುವ ಡಿಸ್ಕ್ ಮೊದಲಿದೆಯೇ? ಲೆಗಸಿಯೋ ಯುಇಎಫ್‌ಐಯೋ? ಸಾಟಾ ಮೋಡ್ ಯಾವುದು? ಲೆಗಸಿ ಪದ್ಧತಿಯಲ್ಲಿ, ಎಂಬಿಆರ್ ಡಿಸ್ಕಿಗೆ ಹಾಕಿದ ವಿಂಡೋಸ್ ಯುಇಎಫ್‌ಐ ಮಾತ್ರ ಎಂದಿಟ್ಟರೆ ಏಳುವುದಿಲ್ಲ; ಜಿಪಿಟಿ ಡಿಸ್ಕಿನ ವಿಂಡೋಸ್ ಲೆಗಸಿಗೆ ಇಟ್ಟರೆ ಏಳುವುದಿಲ್ಲ. ವಿಂಡೋಸ್ ಶುರುವಾಗಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ನೀಲಿ ಪರದೆ ಬಂದರೆ, ಸಾಟಾ ಮೋಡ್ ಎಎಚ್‌ಸಿಐಯಿಂದ ರೇಡ್‌ಗೋ, ರೇಡ್‌ನಿಂದ ಎಎಚ್‌ಸಿಐಗೋ ಬದಲಾಗಿದೆಯೇ ಎಂದು ಮೊದಲು ಅನುಮಾನಪಡಿ. ಮೊದಲಿದ್ದ ಹಾಗೆ ಇಡಿ. ಅಷ್ಟೇ ಚಿಕಿತ್ಸೆ. ಯುಇಎಫ್‌ಐ ಬೇಕೇ ಬೇಕೆಂದರೆ ಮೊದಲು ಡೇಟಾ ಬೇರೆ ಡಿಸ್ಕಿಗೆ ಬ್ಯಾಕಪ್ ಮಾಡಿ, ಆಮೇಲೆ ವಿಂಡೋಸ್ ಒಳಗೇ ಇರುವ ಎಂಬಿಆರ್ ಟು ಜಿಪಿಟಿ ಸಾಧನದಿಂದ ಡಿಸ್ಕ್ ಬದಲಿಸಿ, ಕೊನೆಗೆ ಬಯೋಸ್ ಮುಟ್ಟಿ. ಈ ಕ್ರಮ ತಲೆಕೆಳಗಾದದ್ದೇ ಆ ಡಿಟಿಪಿ ಅಂಗಡಿಯ ಯಂತ್ರಕ್ಕೆ ಆದ ತೊಂದರೆ.

ಡಿಸ್‌ಪ್ಲೇಯೇ ಬರದ ಕೇಸಿನಲ್ಲಿ ಕೇಳಬೇಕಾದ ಪ್ರಶ್ನೆ, ಏನು ಬದಲಿಸಿದ ಮೇಲೆ ಹೀಗಾಯಿತು ಅಂತ. ಸಿಎಸ್‌ಎಂ ಆಫ್ ಮಾಡಿದ ಮೇಲೆ ಆದರೆ, ಹಳೇ ಗ್ರಾಫಿಕ್ಸ್ ಕಾರ್ಡ್ ಇದೆಯೇ ನೋಡಿ. ಕೆಲವು ಹಳೇ ಕಾರ್ಡುಗಳಿಗೆ ಯುಇಎಫ್‌ಐ ಭಾಷೆಯೇ ಬರುವುದಿಲ್ಲ. ಯಂತ್ರ ಒಳಗೆ ಕೆಲಸ ಮಾಡುತ್ತಿದ್ದರೂ ಪರದೆ ಕಪ್ಪಾಗಿರುತ್ತದೆ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದು ಮಾನಿಟರ್ ಕೇಬಲ್ಲನ್ನು ಬೋರ್ಡಿಗೇ ಸಿಕ್ಕಿಸಿ. ಎಕ್ಸ್‌ಎಂಪಿ ಆನ್ ಮಾಡಿ ರ‍್ಯಾಮ್ ವೇಗ ಹೆಚ್ಚಿಸಿದ ಮೇಲೆ ಆದರೆ ಸ್ವಲ್ಪ ತಾಳಿ. ಡಿಡಿಆರ್5 ರ‍್ಯಾಮ್ ಇರುವ ಬೋರ್ಡುಗಳು ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವೊಮ್ಮೆ ಹಲವು ನಿಮಿಷ ಕಪ್ಪು ಪರದೆ ಇಟ್ಟುಕೊಂಡು ಕೂರುತ್ತವೆ. ಆ ಹೊತ್ತಿನಲ್ಲಿ ಪದೇ ಪದೇ ಸ್ವಿಚ್ ಆಫ್ ಮಾಡಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಎಷ್ಟೋ ಬೋರ್ಡುಗಳು ಕೆಲವು ಸಲ ಸೋತ ಮೇಲೆ ತಾವೇ ಮೊದಲಿನ ಸೆಟ್ಟಿಂಗಿಗೆ ಮರಳುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಸೀಮಾಸ್ ಕ್ಲಿಯರ್. ಪ್ಲಗ್ ಕೀಳಿ. ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಒಳಗಿನ ಕರೆಂಟ್ ಇಳಿಸಿ. ಬೋರ್ಡಿನ ಮ್ಯಾನುಯಲ್ ನೋಡಿ, ಸಿಎಲ್‌ಆರ್ ಸೀಮಾಸ್, ಜೆಬ್ಯಾಟ್1 ಅಂತ ಬರೆದಿರುವ ಪಿನ್ನುಗಳನ್ನು ಅದರಲ್ಲಿ ಹೇಳಿದ ಹಾಗೆ ಶಾರ್ಟ್ ಮಾಡಿ. ಪಿನ್ ಸಿಗದಿದ್ದರೆ ಸೆಲ್ ತೆಗೆದು ಐದು ನಿಮಿಷ ಬಿಡಿ. ಕೆಲವು ಹೊಸ ಯಂತ್ರಗಳಲ್ಲಿ, ಅದರಲ್ಲೂ ಲ್ಯಾಪ್‌ಟಾಪ್‌ಗಳಲ್ಲಿ, ಸೆಟ್ಟಿಂಗ್ ಫ್ಲ್ಯಾಶ್ ಚಿಪ್ಪಿನಲ್ಲೇ ಕೂತಿರುವುದರಿಂದ ಸೆಲ್ ತೆಗೆದರೂ ಹೋಗುವುದಿಲ್ಲ. ಕಂಪನಿಯವರು ಹೇಳಿದ ವಿಧಾನವನ್ನೇ ಅನುಸರಿಸಬೇಕು. ತೆಗೆದ ಸೆಲ್ಲನ್ನು ಹಾಗೇ ವಾಪಸ್ ಹಾಕಬೇಡಿ, ಮಲ್ಟಿಮೀಟರ್ ಹಿಡಿಯಿರಿ. 3 ವೋಲ್ಟ್ ಆಸುಪಾಸು ತೋರಿಸಬೇಕು. ಅದಕ್ಕಿಂತ ತೀರಾ ಇಳಿದಿದ್ದರೆ ಹೊಸದು ಹಾಕಿ. ಯಂತ್ರ ಎದ್ದ ಮೇಲೆ ತಾರೀಖು ಸರಿಮಾಡುವುದನ್ನು ಮರೆಯಬೇಡಿ. ತಾರೀಖು ಹಳೇ ವರ್ಷಕ್ಕೆ ಹೋಗಿದ್ದರೆ ಬ್ಯಾಂಕಿನ ಪುಟವೂ ತೆರೆಯುವುದಿಲ್ಲ, ಇಮೇಲೂ ತೆರೆಯುವುದಿಲ್ಲ. ಮನೆಯವರು ಇಂಟರ್‌ನೆಟ್ ಕೆಟ್ಟಿದೆ ಅಂತ ನಾಳೆ ಮತ್ತೆ ಬರುತ್ತಾರೆ.

ಇನ್ನೊಂದು ಎಚ್ಚರಿಕೆ. ‘ಡಿಫಾಲ್ಟ್’ ಅಂದರೆ ಆ ಯಂತ್ರ ನಿನ್ನೆ ಇದ್ದ ಸ್ಥಿತಿಯಲ್ಲ, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿ. ವಿಂಡೋಸ್ ಹಾಕಿದಾಗ ರೇಡ್ ಇದ್ದು, ಡಿಫಾಲ್ಟ್ ಎಎಚ್‌ಸಿಐ ಆಗಿದ್ದರೆ, ಕ್ಲಿಯರ್ ಮಾಡಿದ ಮೇಲೆ ಹೊಸ ತೊಂದರೆ ಹುಟ್ಟುತ್ತದೆ. ಆಗ ಗಾಬರಿಯಾಗಿ ಫಾರ್ಮ್ಯಾಟಿಗೆ ಕೈ ಹಾಕಬೇಡಿ. ಮೋಡ್ ಬದಲಿಸಿ ನೋಡಿ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಬದಲಾದರೆ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಡಿಸ್ಕಿಗೆ ಬೀಗ ಬಿದ್ದಿದೆ ಎನ್ನುವುದೇ ಎಷ್ಟೋ ಮಾಲೀಕರಿಗೆ ಗೊತ್ತಿರುವುದಿಲ್ಲ. ಬದಲಿಸಿದ್ದನ್ನು ಮೊದಲಿನಂತೆ ಇಟ್ಟರೆ ಕೆಲವೊಮ್ಮೆ ಕೇಳುವುದು ನಿಲ್ಲುತ್ತದೆ. ಇಲ್ಲದಿದ್ದರೆ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇದೆಯೇ ಎಂದು ಅವರೇ ಲಾಗಿನ್ ಆಗಿ ಹುಡುಕಲಿ. ಅವರ ಪಾಸ್‌ವರ್ಡ್ ನೀವು ಬರೆದಿಟ್ಟುಕೊಳ್ಳಬೇಡಿ. ಟಿಪಿಎಂ ಕ್ಲಿಯರ್ ಮಾಡಲೇ ಅಂತ ಯಂತ್ರ ಕೇಳಿದರೆ, ಕೀ ಕೈಗೆ ಸಿಗುವವರೆಗೂ ಹೂಂ ಅನ್ನಬೇಡಿ.

ಬಯೋಸ್ ಅಪ್‌ಡೇಟ್ ಮಾಡುವುದು ಸೆಟ್ಟಿಂಗ್ ಬದಲಿಸಿದ ಹಾಗಲ್ಲ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಪ್ರೋಗ್ರಾಂ ಅರ್ಧಕ್ಕೇ ನಿಲ್ಲುತ್ತದೆ. ನಮ್ಮದು ಮಲೆನಾಡಿನ ಸೆರಗು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು, ಆಮೇಲೆ ಮಳೆಗಾಲದಲ್ಲಿ ಲೈನಿನ ಮೇಲೆ ಬೀಳುವ ಮರ, ಇವೆಲ್ಲ ನಿಮಗೆ ಗೊತ್ತಿರುವುದೇ. ಯುಪಿಎಸ್ ಇಲ್ಲದೆ, ಮೋಡ ಕಟ್ಟಿದ ಮಧ್ಯಾಹ್ನ ಆ ಕೆಲಸಕ್ಕೆ ಕೂರಬೇಡಿ. ಹಾಗೂ ಕೆಟ್ಟರೆ, ಬೋರ್ಡಿನಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಅಥವಾ ಎರಡನೇ ಬಯೋಸ್ ಇದೆಯೇ ನೋಡಿ. ಅದೂ ಇಲ್ಲದಿದ್ದರೆ ಚಿಪ್ ಲೆವೆಲ್ ಕೆಲಸ ಬಲ್ಲವರು ಪ್ರೋಗ್ರಾಮರ್ ಮತ್ತು ಕ್ಲಿಪ್ ಹಿಡಿದು ಬರೆಯಬಲ್ಲರು. ಬರೆಯುವ ಮೊದಲು ಚಿಪ್ಪಿನಲ್ಲಿ ಇದ್ದದ್ದನ್ನು ಓದಿ ಉಳಿಸಿಕೊಳ್ಳಲು ಹೇಳಿ. ಲ್ಯಾಪ್‌ಟಾಪಿನ ಸೀರಿಯಲ್ ನಂಬರು, ವಿಂಡೋಸ್ ಲೈಸೆನ್ಸ್ ಕೀ ಎಷ್ಟೋ ಸಲ ಅದರಲ್ಲೇ ಇರುತ್ತವೆ.

ಈಗ ನನ್ನ ಮುಖ್ಯ ಮಾತು. ಬದಲಿಸುವ ಮೊದಲು ಬರೆದಿಡಿ. ಬಯೋಸಿನ ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸೇವ್ ಮಾಡಿ, ಯಂತ್ರ ಏಳುತ್ತದೆಯೇ ನೋಡಿ, ಆಮೇಲೆ ಇನ್ನೊಂದು. ನಾಲ್ಕು ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದರಿಂದ ಅಂತ ಯಾರಿಗೂ ತಿಳಿಯುವುದಿಲ್ಲ. ಈ ಶಿಸ್ತು ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಕೆಲಸ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ ಈ ಊರಿನ ಮನೆಮನೆಗೂ ಲಾಗ್ ಬುಕ್ ಅನ್ನುವ ಮಾತನ್ನು ತಂದವು. ಪಾಳಿ ಮುಗಿಸಿ ಹೋಗುವವನು ಏನು ಬಿಚ್ಚಿದೆ, ಏನು ಕೂಡಿಸಿದೆ ಅಂತ ಬರೆದಿಟ್ಟರೇ ಬರುವವನಿಗೆ ಕೆಲಸ ಸಲೀಸು. ನಿಮ್ಮ ಅಜ್ಜನೋ ಅಪ್ಪನೋ ಅಲ್ಲಿ ದುಡಿದಿದ್ದರೆ ಅವರನ್ನು ಕೇಳಿ. ದೊಡ್ಡ ಎಲೆಕ್ಟ್ರಿಕಲ್ ಪ್ಯಾನೆಲ್ಲಿನ ಬಾಗಿಲ ಒಳಗಡೆ ಒಂದು ಜೇಬು ಇರುತ್ತದೆ. ಆ ಪ್ಯಾನೆಲ್ಲಿನ ನಕ್ಷೆ ಅದರಲ್ಲೇ ಇರುತ್ತದೆ. ನಿಮ್ಮ ಕಂಪ್ಯೂಟರ್ ಕ್ಯಾಬಿನೆಟ್ಟಿಗೂ ಹಾಗೇ ಮಾಡಿ. ಒಂದು ಚೀಟಿಯಲ್ಲಿ ತಾರೀಖು, ಬೂಟ್ ಮೋಡ್, ಸಾಟಾ ಮೋಡ್, ಸೆಕ್ಯೂರ್ ಬೂಟ್ ಆನೋ ಆಫೋ, ಸೆಲ್ ಯಾವಾಗ ಬದಲಾಯಿತು ಅಂತ ಬರೆದು, ಪಕ್ಕದ ಮುಚ್ಚಳದ ಒಳಮೈಗೆ ಅಂಟಿಸಿ. ಲ್ಯಾಪ್‌ಟಾಪ್ ಆದರೆ ಚೀಟಿಯನ್ನು ಮಾಲೀಕರ ಕೈಗೇ ಕೊಡಿ.

ಕೊನೆಗೆ ನಿಮ್ಮ ನಾಲಿಗೆಯ ಬಗ್ಗೆ ಒಂದು ಮಾತು. ಅಡಿಕೆ ಮಂಡಿಯ ಲೆಕ್ಕ, ಸ್ಟುಡಿಯೋದವರ ಮದುವೆ ಫೋಟೋ, ಕಾಲೇಜು ಹುಡುಗಿಯ ಪ್ರಾಜೆಕ್ಟ್ ರೆಕಾರ್ಡ್, ಯಾವುದೇ ಇರಲಿ, ಯಂತ್ರಕ್ಕಿಂತ ಅದು ದೊಡ್ಡದು. ಸೆಟ್ಟಿಂಗ್ ಸರಿಮಾಡಿದ್ದಕ್ಕೆ ನಿಮ್ಮ ಕೂಲಿ ಧೈರ್ಯವಾಗಿ ಕೇಳಿ, ತಿಳಿವಳಿಕೆಗೂ ಬೆಲೆಯಿದೆ. ಆದರೆ ಒಂದು ಸೆಲ್ಲಿನಲ್ಲಿ ಮುಗಿಯುವುದಕ್ಕೆ ಬೋರ್ಡಿನ ಬಿಲ್ ಹಾಕಬೇಡಿ. ಗೊತ್ತಾಗದಿದ್ದರೆ ‘ನನಗೆ ಇದು ತಿಳಿಯಲಿಲ್ಲ, ಡೇಟಾ ಮುಟ್ಟಿಲ್ಲ, ಇನ್ನೊಬ್ಬರಿಗೆ ತೋರಿಸಿ’ ಅನ್ನಿ. ಆ ಮಾತು ಆಡಿದ ಅಂಗಡಿಗೆ ಜನ ಮತ್ತೆ ಬರುತ್ತಾರೆ, ಮಗಳ ಲ್ಯಾಪ್‌ಟಾಪನ್ನೂ ನಂಬಿ ಬಿಟ್ಟುಹೋಗುತ್ತಾರೆ. ಯಂತ್ರ ಎದ್ದ ಮೇಲೆ ಕ್ಯಾಬಿನೆಟ್ ಮುಚ್ಚುವ ಮುನ್ನ ಅದನ್ನು ತಂದವರನ್ನು ಹತ್ತಿರ ಕರೆದು, ಏನಾಗಿತ್ತು, ಏನು ಮಾಡಿದಿರಿ ಅಂತ ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಚೀಟಿ ತೋರಿಸಿ. ವಿಡಿಯೋ ನೋಡಿ ಬದಲಿಸಿದ ಹುಡುಗನೂ ಜೊತೆಗಿದ್ದರೆ ಅವನನ್ನು ಬೈಯಬೇಡಿ. ಫೋಟೋ ತೆಗೆದು ಬದಲಿಸುವುದು ಹೇಗೆ ಅಂತ ಕಲಿಸಿ. ನಾಳೆ ನಿಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಮಾಡುವವನು ಅವನೇ ಆಗಬಹುದು.