ಕೈಗೆ ಕೊಟ್ಟು ನೋಡಿ, ಆಮೇಲೆ ಬೆಲೆ ಕೇಳಿ

ತುಮಕೂರಿನಲ್ಲಿ ವಿಡಿಯೊ ಗೇಮ್ ಮಾರುವ, ರಿಪೇರಿ ಮಾಡುವ ಕಸುಬು ನನ್ನದು. ಅಂಗಡಿಗೆ ಬರುವವರು ಇಂಜಿನಿಯರಿಂಗ್ ಓದುವ ಹುಡುಗರಷ್ಟೇ ಅಲ್ಲ. ಗುಬ್ಬಿಯಿಂದ ಮಗನನ್ನು ಕರೆದುಕೊಂಡು ಬರುವ ಅಡಿಕೆ ಬೆಳೆಗಾರರಿದ್ದಾರೆ, ಕುಣಿಗಲ್ಲಿನ ಮೇಷ್ಟರಿದ್ದಾರೆ. ಒಂದು ಕನ್ಸೋಲಿಗೆ ಐವತ್ತು ಸಾವಿರ ಅವರಿಗೆ ಸಣ್ಣ ದುಡ್ಡಲ್ಲ. ಅವರ ಜೊತೆ ಕೂತು ಲೆಕ್ಕ ಹಾಕುತ್ತ ಕಲಿತದ್ದು ಇದು.

1. ಹೊಸ ಬಗೆಯ ಕಂಟ್ರೋಲರ್ ಯಾರೂ ವಿವರಿಸದೆ ಅರ್ಥವಾಗಬೇಕು. ನಿಂಟೆಂಡೊ 2006ರಲ್ಲಿ ವೀ ಕನ್ಸೋಲ್ ತಂದಾಗ ಟೆನಿಸ್ ಆಡಲು ರಿಮೋಟ್ ಹಿಡಿದು ಕೈ ಬೀಸಿದರೆ ಸಾಕಿತ್ತು. ಲೋಕದಲ್ಲೆಲ್ಲ ಸೇರಿ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು. ಅದೇ ಕಂಪನಿ 2012ರಲ್ಲಿ ವೀ ಯು ತಂದು, ಕಂಟ್ರೋಲರಿನಲ್ಲೇ ಟಚ್ ಸ್ಕ್ರೀನ್ ಕೂರಿಸಿತು. ಟಿವಿ ನೋಡಬೇಕೋ ಕೈಯಲ್ಲಿರುವುದನ್ನು ನೋಡಬೇಕೋ ಎಂಬ ಗೊಂದಲ. ಹೊಸ ಕನ್ಸೋಲೋ ಹಳೆಯದರ ಬಿಡಿಭಾಗವೋ ಎಂಬುದೇ ಬಹಳ ಜನಕ್ಕೆ ತಿಳಿಯಲಿಲ್ಲ. ಮಾರಾಟ ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ಹಾಗಾಗಿ ನಾನು ಕಂಟ್ರೋಲರನ್ನು ಮೊದಲು ಕೊಡುವುದು ಮಗನ ಕೈಗಲ್ಲ, ಜೊತೆಗೆ ಬಂದ ಅಮ್ಮನ ಕೈಗೆ. ಅವರು ನಗುತ್ತ ಇನ್ನೊಂದು ಆಟ ಆಡಿದರೆ ಆ ಹೊಸತನದಲ್ಲಿ ಹುರುಳಿದೆ.

2. ವಿಶೇಷ ಸೌಲಭ್ಯವನ್ನು ನೀವು ಆಡುವ ಆಟದಲ್ಲೇ ಪರೀಕ್ಷಿಸಿ. ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ಕಂಟ್ರೋಲರಿನ ಟ್ರಿಗರ್ ಬಿಲ್ಲಿನ ಹೆದೆ ಎಳೆದಂತೆ ಬಿಗಿಯಾಗುತ್ತದೆ. ಕನ್ಸೋಲಿನ ಜೊತೆಗೇ ಬರುವ ಆಸ್ಟ್ರೋಸ್ ಪ್ಲೇರೂಮ್ ಆಡಿದರೆ ಯಾರಿಗಾದರೂ ಖುಷಿಯಾಗುತ್ತದೆ, ನನಗೂ ಅದು ಬಹಳ ಇಷ್ಟ. ಆದರೆ ಎಲ್ಲ ಕನ್ಸೋಲುಗಳಿಗೂ ಸೇರಿಸಿ ಮಾಡುವ ಆಟಗಳಲ್ಲಿ ಅದರ ಬಳಕೆ ಸಾಮಾನ್ಯವಾಗಿ ಕಮ್ಮಿ. ಫುಟ್‌ಬಾಲ್, ಕ್ರಿಕೆಟ್ ಬಿಟ್ಟು ಬೇರೇನೂ ಆಡದ ಅಣ್ಣತಮ್ಮಂದಿರಿಗೆ ಎರಡನೆಯ ಕಂಟ್ರೋಲರೇ ಮುಖ್ಯ. ಅದರ ದುಡ್ಡನ್ನು ಮೊದಲ ದಿನದ ಲೆಕ್ಕಕ್ಕೇ ಸೇರಿಸಿ.

3. ಡಿಸ್ಕ್ ಹಾಕುವ ಮಾಡೆಲ್ ನಮ್ಮ ಕಡೆಗೆ ಸರಿ. ಪಿಎಸ್5 ನಮ್ಮ ದೇಶಕ್ಕೆ 2021ರ ಫೆಬ್ರವರಿ 2ರಂದು ಬಂದಾಗ ಡಿಸ್ಕ್ ಇರುವುದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಹತ್ತು ಸಾವಿರ ಉಳಿಯಿತಲ್ಲ ಎನಿಸುವುದು ಸಹಜ. ಲೆಕ್ಕ ಮುಂದುವರಿಸಿ ನೋಡಿ: ಆಗ ದೊಡ್ಡ ಆಟವೊಂದಕ್ಕೆ ಹೊಸದರಲ್ಲಿ 4,999 ರೂಪಾಯಿ ಇತ್ತು. ಆಡಿ ಮುಗಿಸಿದ ಡಿಸ್ಕಿಗೆ ಅರ್ಧ ಬೆಲೆ ವಾಪಸು ಬಂದರೂ ನಾಲ್ಕು ಆಟದಲ್ಲಿ ಆ ಹತ್ತು ಸಾವಿರ ಕೈಸೇರುತ್ತದೆ. ಗುಬ್ಬಿಯ ಹುಡುಗ ತಂದುಕೊಟ್ಟದ್ದನ್ನು ಕುಣಿಗಲ್ಲಿನ ಹುಡುಗ ಒಯ್ಯುತ್ತಾನೆ, ಪರೀಕ್ಷೆ ಮುಗಿದ ತಿಂಗಳಲ್ಲಂತೂ ಡಿಸ್ಕ್ ಕಪಾಟಿನಲ್ಲಿ ನಿಲ್ಲುವುದೇ ಇಲ್ಲ. ಡೌನ್‌ಲೋಡ್ ಮಾಡಿಕೊಂಡ ಆಟವನ್ನು ಹೀಗೆ ಯಾರಿಗೂ ಮಾರಲಾಗದು, ತಮ್ಮನ ಗೆಳೆಯನಿಗೆ ಎರವಲು ಕೊಡಲಾಗದು. ಜೊತೆಗೆ ಕೆಲವು ಆಟ ನೂರು ಜಿಬಿ ದಾಟುತ್ತದೆ. ಮೊಬೈಲ್ ಡೇಟಾ ನಂಬಿಕೊಂಡ ಹಳ್ಳಿಮನೆಯಲ್ಲಿ ಅದು ಇಳಿಯುವ ಹೊತ್ತಿಗೆ ರಜೆಯೇ ಮುಗಿದಿರುತ್ತದೆ.

4. ಕಾದರೆ ಬೆಲೆ ಇಳಿಯುತ್ತದೆ ಎಂಬುದು ಪಿಎಸ್2 ಕಾಲದ ಮಾತು. 2022ರ ನವೆಂಬರಿನಲ್ಲಿ ಡಿಸ್ಕ್ ಇರುವ ಪಿಎಸ್5 ಬೆಲೆ ಇಲ್ಲಿ 54,990ಕ್ಕೆ ಏರಿತು. 2017ರಲ್ಲಿ ಅಮೆರಿಕದಲ್ಲಿ 300 ಡಾಲರಿಗೆ ಸಿಕ್ಕ ನಿಂಟೆಂಡೊ ಸ್ವಿಚ್‌ನ ಮುಂದಿನ ಮಾಡೆಲ್ 2025ರಲ್ಲಿ 450 ಡಾಲರಿಗೆ ಬಂತು. ಹಾಗಾದರೂ ಹೊಸ ಮಾಡೆಲ್ ಬಂದ ಮೇಲೆ ಕೆಲವು ತಿಂಗಳು ಕಾಯಿರಿ ಎಂದೇ ಹೇಳುತ್ತೇನೆ, ಆಟಗಳು ಬರಲಿ, ದೋಷಗಳಿದ್ದರೆ ಬಯಲಾಗಲಿ ಅಂತ. ಹೊರದೇಶದಿಂದ ತರಿಸಿದ ಕನ್ಸೋಲಾದರೆ ಇಲ್ಲಿ ವಾರಂಟಿ ಯಾರದು ಎಂದು ಕೇಳದೆ ದುಡ್ಡು ಕೊಡಬೇಡಿ.

5. ರಿಪೇರಿಗೆ ಬರುವುದರಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಅನಲಾಗ್ ಸ್ಟಿಕ್ಕಿನ ಡ್ರಿಫ್ಟ್ ಬಹಳ. ಬೆರಳು ಮುಟ್ಟದಿದ್ದರೂ ಪರದೆಯ ಮೇಲಿನ ಆಟಗಾರ ತಾನೇ ನಡೆಯುತ್ತಾನೆ. ಸಾಮಾನ್ಯ ಅನಲಾಗಿನೊಳಗೆ ಲೋಹದ ತುಣುಕು ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತಿರುತ್ತದೆ, ಸವೆಯುವುದು ಅಲ್ಲೇ. ಹಾಲ್ ಎಫೆಕ್ಟ್ ಬಗೆಯದರಲ್ಲಿ ಅಯಸ್ಕಾಂತ ಕೆಲಸ ಮಾಡುತ್ತದೆ, ಉಜ್ಜಾಟವಿಲ್ಲ. ಬೇರೆ ಕಂಪನಿಯ ಕಂಟ್ರೋಲರ್ ಕೊಳ್ಳುವಾಗ ಇದನ್ನು ಕೇಳಿ.

6. ಒಂದೇ ಕೈಯಲ್ಲಿ ಆಡಬೇಕಾದವರು, ಬೆರಳಿನಲ್ಲಿ ಬಲ ಕಮ್ಮಿಯಿರುವವರು ಇದ್ದೇ ಇರುತ್ತಾರೆ. ಮೈಕ್ರೋಸಾಫ್ಟ್ 2018ರಲ್ಲಿ, ಸೋನಿ 2023ರಲ್ಲಿ ಇಂಥವರಿಗೆಂದೇ ಕಂಟ್ರೋಲರ್ ತಂದವು. ಇಷ್ಟು ವರ್ಷದ ಹೊಸತನಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದನ್ನೇ. ಅದು ಕೈಗೆಟುಕದಿದ್ದರೆ, ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಯಾವ ಬಟನ್ ಯಾವ ಕೆಲಸ ಮಾಡಬೇಕೆಂದು ಬದಲಿಸಿಕೊಳ್ಳಬಹುದು. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಬಿಲ್ ಹಾಕಿಸುವ ಮೊದಲೇ ಅಂಗಡಿಯವನಿಂದ ಮಾಡಿಸಿ, ಆಡುವವರನ್ನೇ ಕೂರಿಸಿ ನೋಡಿ.