ತ್ವಚೆಯ ತೇವವನ್ನು ಕಾಯುವ ಲೇಪ ಯಾವುದು? ವಿಜ್ಞಾನ ಮೇಳಕ್ಕೊಂದು ಪ್ರಯೋಗ

ಚಳಿಗಾಲದ ಒಣಹವೆಯಲ್ಲಿ ಹಿಮ್ಮಡಿ ಸೀಳುವುದು, ಮಕ್ಕಳ ಕೆನ್ನೆ ಬಿರಿಯುವುದು ನಮ್ಮ ಮನೆಗಳಲ್ಲಿ ಸರ್ವಸಾಮಾನ್ಯ. ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಸೀಳಿದ ಚರ್ಮದ ಮೂಲಕ ರೋಗಾಣುಗಳು ಸುಲಭವಾಗಿ ಒಳಹೊಗುತ್ತವೆ. ಮಧುಮೇಹಿಗಳಲ್ಲಿ ಹಿಮ್ಮಡಿಯ ಒಂದು ಸೀಳೇ ಮಾಯದ ಹುಣ್ಣಾಗಬಹುದು. ಆದರೂ ಯಾವ ಲೇಪವನ್ನು ಕೊಳ್ಳಬೇಕೆಂಬುದನ್ನು ಬಹುಮಟ್ಟಿಗೆ ಜಾಹೀರಾತುಗಳೇ ನಿರ್ಧರಿಸುತ್ತಿವೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ತಕ್ಕಡಿಯಿಂದಲೇ ಪರೀಕ್ಷಿಸಬಹುದು.

ಚರ್ಮದ ಹೊರಪದರವನ್ನು ಮೃದುವಾಗಿಡುವುದು ನೀರು, ಎಣ್ಣೆಯಲ್ಲ. ಒಣಗಿ ಗಡುಸಾದ ಚರ್ಮದ ತುಣುಕು ಎಣ್ಣೆಯಲ್ಲಿಟ್ಟರೂ ಮೆದುವಾಗದು, ನೀರನ್ನು ಹೀರಿದಾಗ ಮೆದುವಾಗುವುದು ಎಂಬುದನ್ನು ಅಮೆರಿಕದ ಇರ್ವಿನ್ ಬ್ಲ್ಯಾಂಕ್ 1952ರಲ್ಲಿ ತೋರಿಸಿದರು. ಒಳಗಿನ ನೀರು ಆವಿಯಾಗಿ ಹೋಗದಂತೆ ಮುಚ್ಚಳವಾಗುವುದೇ ಎಣ್ಣೆ, ಪೆಟ್ರೋಲಿಯಂ ಜೆಲ್ಲಿಗಳ ಮುಖ್ಯ ಕೆಲಸ. ಆದುದರಿಂದ ನಾವು ಅಳೆಯಬೇಕಾದುದು ನೀರಿನ ನಷ್ಟವನ್ನು.

ಚರ್ಮದ ಬದಲಿಗೆ, ಅಂಗಡಿಗಳಲ್ಲಿ 'ಚೈನಾ ಗ್ರಾಸ್' ಎಂದು ದೊರೆಯುವ ಅಗರ್ ಸಾಕು. (ಜೆಲಟಿನ್ ಬೇಡ, ನಮ್ಮ ಸೆಕೆಗೆ ಅದು ಕರಗಿಬಿಡುವುದು.) 500 ಮಿಲಿಲೀಟರ್ ನೀರಿನಲ್ಲಿ 10 ಗ್ರಾಂ ಅಗರನ್ನು ಕುದಿಸಿ ಕರಗಿಸಿ, ಒಂದೇ ಅಗಲದ ಹನ್ನೆರಡು ಬಟ್ಟಲುಗಳಿಗೆ ಸಮನಾಗಿ ಸುರಿದು ಗಟ್ಟಿಯಾಗಲು ಬಿಡಿ. ಮೂರಕ್ಕೆ ಕೊಬ್ಬರಿ ಎಣ್ಣೆ, ಮೂರಕ್ಕೆ ಪೆಟ್ರೋಲಿಯಂ ಜೆಲ್ಲಿ, ಮೂರಕ್ಕೆ ಯಾವುದಾದರೊಂದು ಕ್ರೀಮು, ಹೀಗೆ ತಲಾ 2 ಗ್ರಾಂ ತೂಗಿ ಮೇಲ್ಮೈಯೆಲ್ಲ ಮುಚ್ಚುವಂತೆ ಸವರಬೇಕು. ಉಳಿದ ಮೂರಕ್ಕೆ ಏನನ್ನೂ ಸವರಬಾರದು. ಈ ಬರಿಯ ಬಟ್ಟಲುಗಳಿಲ್ಲದೆ ಹೋಲಿಕೆಗೆ ಆಧಾರವೇ ಇರದು. ಎಲ್ಲವನ್ನೂ ಒಂದೇ ಮೇಜಿನ ಮೇಲೆ, ಇರುವೆ ಬಾರದಂತೆ, ಬಿಸಿಲು ಮತ್ತು ಫ್ಯಾನಿನ ಗಾಳಿಗೆ ದೂರವಾಗಿಟ್ಟು, ಮೂರು ದಿನ ಅದೇ ವೇಳೆಗೆ ತೂಗಿ ಬರೆದುಕೊಳ್ಳಬೇಕು.

ಇಲ್ಲೊಂದು ತೊಡಕುಂಟು. ಅನೇಕ ಕ್ರೀಮುಗಳಲ್ಲಿ ಅರ್ಧಕ್ಕೂ ಹೆಚ್ಚು ಭಾಗ ನೀರೇ. ಆ ನೀರೂ ಆರಿ ತೂಕ ಇಳಿಯುವುದರಿಂದ, ಅಗರಿನ ನೀರನ್ನು ಕಾಯ್ದರೂ ಕ್ರೀಮಿಗೆ ಅಪಕೀರ್ತಿ ಬರುವುದು. ಇದಕ್ಕಾಗಿ ಅಗರಿಲ್ಲದ ಇನ್ನೂ ಮೂರು ಬಟ್ಟಲುಗಳಿಗೆ 2 ಗ್ರಾಂ ಕ್ರೀಮನ್ನು ಮಾತ್ರ ಸವರಿ, ಅವುಗಳ ಸರಾಸರಿ ಇಳಿಕೆಯನ್ನು ಕಳೆಯಬೇಕು. ಲೆಕ್ಕ ಪೂರ್ತಿ ನಿಖರವಲ್ಲ. ಆದರೆ ಅನ್ಯಾಯದ ಹೋಲಿಕೆ ತಪ್ಪುವುದು. ಗ್ಲಿಸರಿನ್ನಂತಹ ವಸ್ತುಗಳು ಚರ್ಮದಲ್ಲಿ ನೀರನ್ನು ಹಿಡಿದಿಡುವ ಗುಣವನ್ನು ಮಾತ್ರ ಈ ಬಟ್ಟಲುಗಳು ಸರಿಯಾಗಿ ತೋರಿಸಲಾರವು.

ಮೇಳದ ಉತ್ಸಾಹದಲ್ಲಿ ಕೂಸುಗಳ ಮೈಗಾಗಲಿ, ಇಸುಬು ಅಥವಾ ಸೀಳು ಇರುವ ಚರ್ಮಕ್ಕಾಗಲಿ ಲೇಪಗಳನ್ನು ಹಚ್ಚಿ ಪರೀಕ್ಷಿಸಕೂಡದು. ಸೀಳಿನಲ್ಲಿ ಕೀವು, ಬಾವು ಕಂಡರೆ, ಮಧುಮೇಹಿಗಳಾದರೆ ಸೀಳು ಕಂಡೊಡನೆಯೇ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು.

ಪ್ರದರ್ಶನ ಫಲಕದಲ್ಲಿ ಪ್ರತಿ ಬಟ್ಟಲಿನ ಅಂಕಿಯನ್ನೂ, ಸರಿಬಾರದ ಅಂಕಿಯನ್ನೂ ಸಹ, ಬಿಡದೆ ಬರೆಯಿರಿ. ಅದರ ಪಕ್ಕದಲ್ಲಿಯೇ ಆಯಾ ಲೇಪದ 2 ಗ್ರಾಂಗೆ ತಗಲಿದ ಬೆಲೆಯನ್ನೂ ನಮೂದಿಸಿರಿ. ನೋಡಬಂದ ತಾಯಂದಿರು ಮೊದಲು ಕೇಳುವುದು ಅದನ್ನೇ.