ದೇಹದ ತೂಕವೂ ಸ್ತ್ರೀಯರ ಸಂತಾನಶಕ್ತಿಯೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಸುಬ್ರಹ್ಮಣ್ಯಪುರ)

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಯಾರಿಗೆ ಏನು ಸಂದೇಹ ಬಂದರೂ “ಓದಿದವಳನ್ನು ಕೇಳಿ” ಎನ್ನುವುದು ನಮ್ಮಲ್ಲಿ ವಾಡಿಕೆಯಾಗಿದೆ. ಕಳೆದ ವರ್ಷ ನನ್ನ ಅಕ್ಕ ಕೇಳಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷಗಳಾದರೂ ಆಕೆಗೆ ಮಕ್ಕಳಾಗಿರಲಿಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ವೈದ್ಯರು “ಮೊದಲು ತೂಕ ಸ್ವಲ್ಪ ಇಳಿಸಮ್ಮ” ಎಂದರಂತೆ. “ತೂಕಕ್ಕೂ ಮಗುವಿಗೂ ಏನೇ ಸಂಬಂಧ?” ಎಂದಳು ಅಕ್ಕ. ಅಂದಿನಿಂದ ಓದಿ ತಿಳಿದುದನ್ನು, ಆಕೆಯ ಒಪ್ಪಿಗೆ ಪಡೆದೇ, ವಾಚಕರ ಮುಂದಿಡುತ್ತಿದ್ದೇನೆ.

ಅನ್ನಕ್ಕೂ ಸಂತಾನಕ್ಕೂ ನಂಟಿದೆ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ. 1871ರಲ್ಲಿ 50 ಲಕ್ಷಕ್ಕೂ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876-78ರ ಧಾತು-ಈಶ್ವರ ಬರದ ನಂತರ, 1881ರ ಜನಗಣತಿಯಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು. ಸಾವುಗಳೇ ಇದಕ್ಕೆ ಮುಖ್ಯ ಕಾರಣ. ಆದರೆ ಆ ಬರದಲ್ಲಿ ದಕ್ಷಿಣ ಭಾರತದ ಜನನಗಳೂ ಬಹಳವಾಗಿ ಕುಗ್ಗಿದವು. 1944-45ರ ಚಳಿಗಾಲದಲ್ಲಿ ಹಾಲೆಂಡ್ ದೇಶ ಹಸಿವಿನಿಂದ ನರಳಿದಾಗಲೂ ಒಂಬತ್ತು ತಿಂಗಳ ಬಳಿಕ ಹೀಗೆಯೇ ಆಯಿತು.

ಇದರ ಮರ್ಮವೇನು? ಗರ್ಭವನ್ನು ಹೊತ್ತು, ಹೆತ್ತು, ಹಾಲೂಡಲು ದೇಹದಲ್ಲಿ ಶಕ್ತಿಯ ಉಳಿತಾಯವಿರಬೇಕು. ಆ ಉಳಿತಾಯವೇ ಕೊಬ್ಬು. ಕೊಬ್ಬು ತೀರ ಕಡಿಮೆಯಾದರೆ ಮುಟ್ಟು ನಿಲ್ಲುವುದೆಂದು ಅಮೆರಿಕದ ವಿಜ್ಞಾನಿ ರೋಸ್ ಫ್ರಿಶ್ 1974ರಲ್ಲಿ ವಾದಿಸಿದರು. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾಯಿತು. ಕೊಬ್ಬಿನ ಕಣಗಳಲ್ಲಿ ಹುಟ್ಟುವ ಇದು ಉಳಿತಾಯದ ಲೆಕ್ಕವನ್ನು ಮಿದುಳಿಗೆ ಒಪ್ಪಿಸುತ್ತದೆ. ಲೆಕ್ಕ ಸಾಲದೆ ಬಂದರೆ ಮಿದುಳು ಅಂಡಾಶಯಕ್ಕೆ ಕಳುಹಿಸುವ ಆಜ್ಞೆಯನ್ನು ತಗ್ಗಿಸುತ್ತದೆ, ಅಂಡ ಬಿಡುಗಡೆಯಾಗುವುದಿಲ್ಲ.

ಹಾಗಾದರೆ ಉಳಿತಾಯ ಹೆಚ್ಚಿದಷ್ಟೂ ಲೇಸೇ? ಅಲ್ಲ. ಬೊಜ್ಜು ಮಿತಿಮೀರಿದಾಗ ಇನ್ಸುಲಿನ್ನಿನ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದರ ಪ್ರಚೋದನೆಯಿಂದ ಅಂಡಾಶಯವು ಪುರುಷರಲ್ಲಿ ಹೆಚ್ಚಾಗಿರುವ ಹಾರ್ಮೋನುಗಳನ್ನು ಅಧಿಕವಾಗಿ ತಯಾರಿಸಿ, ಅಂಡವು ಪಕ್ವವಾಗದೆ ನಿಲ್ಲುತ್ತದೆ. ಈಗ ಮನೆಮಾತಾಗಿರುವ ಪಿ.ಸಿ.ಓ.ಎಸ್. ತೊಂದರೆಯಲ್ಲಿ ಇದು ಸಾಮಾನ್ಯ. ಆದರೆ ತೆಳ್ಳಗಿರುವವರಿಗೂ ಆ ತೊಂದರೆ ಬರುವುದುಂಟು.

ತೂಕವನ್ನು ಅಳೆಯುವ ಬಗೆ ಸುಲಭ. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಬೇಕು. ಉತ್ತರ 18.5ಕ್ಕಿಂತ ಕಡಿಮೆಯಾದರೆ ಕೃಶತೆ. 25 ಮತ್ತು ಮೇಲಾದರೆ ಅತಿತೂಕ. ಭಾರತೀಯರು 23ಕ್ಕೇ ಎಚ್ಚರಗೊಳ್ಳಬೇಕೆಂದು ತಜ್ಞರ ಮತ. ಒಂದೂವರೆ ಮೀಟರ್ ಎತ್ತರದವಳಿಗೆ ಈ 18.5 ಮತ್ತು 23ರ ಎಲ್ಲೆಗಳು ಸುಮಾರು 42 ಮತ್ತು 52 ಕಿಲೋ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 17 ಮಂದಿ ಕೃಶರು, ಸುಮಾರು 30 ಮಂದಿ ಅತಿತೂಕದವರು. ಬರದ ನೆನಪು ಮಾಸುವ ಮುನ್ನವೇ ಬೊಜ್ಜಿನ ಕಾಲ ಬಂದಿದೆ.

ಸಮಾಧಾನದ ಸಂಗತಿಯೂ ಇದೆ. ಅತಿತೂಕದವರು ತೂಕದ ನೂರಕ್ಕೆ 5ರಿಂದ 10 ಭಾಗ ಇಳಿಸಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. 70 ಕಿಲೋ ಇರುವವರಿಗೆ ಇದು ಮೂರೂವರೆಯಿಂದ ಏಳು ಕಿಲೋ ಮಾತ್ರ. ಉಪವಾಸ ಬಿದ್ದು ಇಳಿಸುವುದು ತರವಲ್ಲ. ಹಸಿವೂ ಅಂಡಾಶಯಕ್ಕೆ ಶತ್ರುವೆಂದು ಮೇಲೆಯೇ ಕಂಡೆವು.

ಆದರೆ ತೂಕವೊಂದೇ ಕಾರಣವೆಂದು ಯಾರೂ ತಿಳಿಯಬಾರದು. ವಯಸ್ಸು, ಥೈರಾಯಿಡ್, ಗರ್ಭನಾಳದ ಅಡಚಣೆ ಮೊದಲಾದವೂ ಉಂಟು. ಕಾರಣವು ಗಂಡನಲ್ಲಿರುವುದೂ ಅಪರೂಪವಲ್ಲ. ಆದರೂ “ಬಂಜೆ” ಎಂಬ ಪದ ಹೆಂಗಸಿನ ಮೇಲೆ ಮಾತ್ರ ಬೀಳುತ್ತದೆ. ಸೀಮಂತಕ್ಕೆ ಹೋದ ನನ್ನ ಅಕ್ಕ ಆ ಮಾತು ಕೇಳಿ ಆರತಿಗೆ ನಿಲ್ಲದೆ ಮನೆಗೆ ಬಂದಳು. ಈಗ ಆಕೆ ದಿನವೂ ಬೆಳಿಗ್ಗೆ ನಡೆಯುತ್ತಾಳೆ, ಮುಟ್ಟು ಕ್ರಮಕ್ಕೆ ಬಂದಿದೆ; ಭಾವನವರೂ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಮಗು ಇನ್ನೂ ಆಗಿಲ್ಲ. ಆದರೆ ತನ್ನದು ಶಾಪವೆಂದು ಆಕೆ ಈಗ ಅಳುವುದಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ. ಇದರ ಮೊದಲರ್ಧವನ್ನು ವೈದ್ಯರು ಅಕ್ಕನಿಗೆ ಕಲಿಸಿದರು. ಎರಡನೆಯದನ್ನು ನಾವು, ನೆರೆಹೊರೆಯವರು, ಕಲಿಯಬೇಕಾಗಿದೆ.